ಆಪು ಮತ್ತು ಜೊಂಡು

ನರೋಡಾದ ಕೈಗಾರಿಕಾ ವಸಾಹತನ್ನು ದಾಟಿ ನಾವು ಕಚೇರಿಗೆ ಹೋಗುವ ದಾರಿಯಲ್ಲಿ, ಮಳೆನೀರು ನಿಂತು ಕೆಸರಾದ ಒಂದು ತಗ್ಗಿದೆ. ಅಲ್ಲಿ ಆಳೆತ್ತರದ ಹಸುರು ಎಲೆಗಳ ನಡುವೆ ಕಂದುಬಣ್ಣದ, ಊದುಬತ್ತಿಯ ಕಟ್ಟಿನಂಥ ತೆನೆಗಳು ನಿಂತಿರುತ್ತವೆ. ವರ್ಗವಾಗಿ ಬಂದ ಮೊದಲ ವರ್ಷವೇ ಅವುಗಳನ್ನು ಮಕ್ಕಳಿಗೆ ತೋರಿಸಿ, "ನಿಮ್ಮ ಅಜ್ಜಿಯ ಚಾಪೆಯ ಜೊಂಡು ಇದೇ" ಎಂದಿದ್ದೆವು. ಆ ಮಾತನ್ನು ಹನ್ನೊಂದು ವರ್ಷ ಹೇಳಿಕೊಂಡೇ ಬಂದೆವು.

ತಂದೆಯವರು ತೀರಿಕೊಂಡ ಮೇಲೆ ತಾಯಿಯನ್ನು ಇಲ್ಲಿಗೆ ಕರೆತರಲು ಹೂಡಿದ ವಾದಗಳಲ್ಲಿಯೂ ಅದು ಒಂದಾಗಿತ್ತು. "ಊರ ಕೆರೆಯ ಜೊಂಡೇ ಇಲ್ಲಿಯೂ ಬೆಳೆಯುತ್ತದೆಯಮ್ಮಾ, ನಿನಗೇನೂ ಪರಸ್ಥಳವೆನಿಸದು" ಎಂದು ದೂರವಾಣಿಯಲ್ಲಿ ಹೇಳಿದ್ದೆವು. ಅವರು ಬಂದರು, ಸುತ್ತಿಕಟ್ಟಿದ ಹಳೆಯ ಚಾಪೆಯೊಂದು ಅವರೊಡನೆ ಬಂದಿತು.

ಒಂದು ಭಾನುವಾರ ಅವರನ್ನು ಆ ತಗ್ಗಿನ ಬಳಿಗೆ ಕರೆದೊಯ್ದೆವು. ಕಣ್ಣಿಗೆ ಪೊರೆ ಬಂದಿರುವುದರಿಂದ ಅವರಿಗೆ ದೂರದ್ದು ಕಾಣದು. ಒಂದು ಎಲೆಯನ್ನು ಹಿಡಿದು ಬೆರಳುಗಳ ನಡುವೆ ಸವರಿದರು. "ಇದು ಆಪು ಕಣಪ್ಪಾ. ಚಾಪೆ ಜೊಂಡಿಗೆ ಮೂರು ಏಣಿರುತ್ತೆ. ಮರೆತೇಬಿಟ್ಟೆಯಾ?" ಎಂದರು.

ಮನೆಗೆ ಬಂದು ಪುಸ್ತಕ ತೆರೆದು ನೋಡಿದರೆ ಅವರ ಮಾತು ಅಕ್ಷರಶಃ ನಿಜ. ಆಪು ಟೈಫಾ ಕುಲದ್ದು. ಬುಡದಿಂದಲೇ ಏಳುವ ಅದರ ಪಟ್ಟಿಯಂಥ ಎಲೆಯನ್ನು ಸೀಳಿದರೆ ಒಳಗೆ ಗಾಳಿ ತುಂಬಿದ ಗೂಡುಗಳು ಕಾಣುತ್ತವೆ. ಕೆಸರಿನಲ್ಲಿ ಹೂತ ಬೇರುಕಾಂಡಕ್ಕೆ ಉಸಿರು ಇಳಿಯುವುದು ಆ ಮಾರ್ಗವಾಗಿಯೇ. ಒಂದೇ ತೆನೆಯಲ್ಲಿ ಮೇಲ್ಭಾಗ ಗಂಡು, ಕೆಳಭಾಗ ಹೆಣ್ಣು. ಮಾಗಿದ ತೆನೆ ಒಡೆದರೆ ಹತ್ತಿಯಂಥ ನವಿರು ಹೊತ್ತ ಸಾವಿರಾರು ಬೀಜಗಳು ಗಾಳಿಯಲ್ಲಿ ಹಾರಿಹೋಗುತ್ತವೆ. ಗುಜರಾತಿಯಲ್ಲಿ ಇದರ ಹೆಸರು 'ಘಾಬಾಜರಿಯುಂ'. ಘಾ ಎಂದರೆ ಗಾಯ, ಬಾಜರಿ ಎಂದರೆ ಸಜ್ಜೆ. ಸಜ್ಜೆಯ ತೆನೆಯಂತೆ ಕಾಣುವ ಇದರ ನವಿರನ್ನು ಹಳ್ಳಿಗರು ಗಾಯಕ್ಕೆ ಒತ್ತುತ್ತಿದ್ದರು.

ಚಾಪೆಯ ಜೊಂಡು ಸೈಪರಸ್ ಕುಲದ್ದು. ಅದರಲ್ಲಿ ನೇಯ್ಗೆಗೆ ಒದಗುವುದು ಎಲೆಯಲ್ಲ, ಕಾಂಡ. ಗಿಣ್ಣಿಲ್ಲದ, ಒಳಗೆ ಬೆಂಡು ತುಂಬಿದ ಮೂರೇಣಿನ ಆ ಕಾಂಡವನ್ನು ಸೀಳಿ, ಒಣಗಿಸಿ, ನೂಲಿನ ಹಾಸಿಗೆ ಹೊಕ್ಕಾಗಿ ನೇಯುತ್ತಾರೆ. ತುದಿಯಲ್ಲಿ ಕೊಡೆಯಂತೆ ಹರಡಿದ ಸಣ್ಣ ಕದಿರುಗಳು. ಬೀಜಕ್ಕೆ ಹಾರುವ ನವಿರಿಲ್ಲ. ಅಹಮದಾಬಾದಿನಿಂದ ಸುಮಾರು 60 ಕಿಲೋಮೀಟರ್ ದೂರದ ನಳ ಸರೋವರದಲ್ಲಿ ಎರಡು ಬಗೆಯ ಗಿಡಗಳೂ ಇವೆ. 1969ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ಆ ಸರೋವರಕ್ಕೆ ಕಳೆದ ಚಳಿಗಾಲ ಹೋಗಿದ್ದೆವು. ಎಲ್ಲರೂ ರಾಜಹಂಸಗಳನ್ನು ನೋಡುತ್ತಿದ್ದಾಗ ನಾವು ದೋಣಿಯಿಂದ ಬಾಗಿ ಒಂದು ಕಾಂಡವನ್ನು ಬೆರಳುಗಳ ನಡುವೆ ಉರುಳಿಸಿದೆವು. ಅದು ಉರುಳಲಿಲ್ಲ, ಏಣು ತಡೆಯಿತು.

ಇಂಗ್ಲಿಷ್ ಸಾಹಿತ್ಯ ಓದಿದ ನಮಗೆ ಇದು ತಿಳಿದಿರಬೇಕಾಗಿತ್ತು. 1611ರ ಇಂಗ್ಲಿಷ್ ಬೈಬಲಿನಲ್ಲಿ ಶಿಶು ಮೋಸೆಯನ್ನು ಮಲಗಿಸಿದ ಬುಟ್ಟಿ 'ಬುಲ್‌ರಷ್'ನದು. ನೈಲ್ ದಂಡೆಯ ಆ ಗಿಡ ಪಪೈರಸ್, ಅಂದರೆ ಜೊಂಡಿನ ಕುಲದ್ದು. ಇಂದು ಇಂಗ್ಲೆಂಡಿನಲ್ಲಿ ಅದೇ ಹೆಸರಿನಿಂದ ಕರೆಯುವುದು ಆಪನ್ನು. ನಿಜವಾದ 'ರಷ್' ಎಂಬ ಜುಂಕಸ್ ಇವೆರಡೂ ಅಲ್ಲ. ನಮ್ಮೂರಿನಲ್ಲಿಯೂ ಕೆರೆಯಂಚಿನ ಎಲ್ಲವನ್ನೂ ಜೊಂಡೆನ್ನುವವರೇ ಹೆಚ್ಚು. ದೂರದಿಂದ ನೋಡುವವನಿಗೆ ಒಂದು ಹೆಸರು ಸಾಕು. ಕೊಯ್ದು ನೇಯುವವರಿಗೆ ಎರಡು ಬೇಕು. ನಾವು ಯಾವಾಗ ದೂರದಿಂದ ನೋಡುವವರಾದೆವೋ ನಮಗೇ ತಿಳಿಯಲಿಲ್ಲ.

ನಮ್ಮ ತಪ್ಪು ಸಸ್ಯಶಾಸ್ತ್ರದ್ದು ಮಾತ್ರವಾಗಿದ್ದರೆ ನಕ್ಕು ಮರೆಯಬಹುದಿತ್ತು. ತಾಯಿ ಮನೆ ಬಿಟ್ಟು ಬಂದದ್ದು ನಮ್ಮ ಮಾತನ್ನು ನಂಬಿ. ಅಲ್ಲಿರುವುದೇ ಇಲ್ಲಿಯೂ ಇದೆ ಎಂದು ಹೇಳಿದಾಗ, ಅಲ್ಲಿರುವುದು ಏನೆಂಬುದೇ ನಮಗೆ ನೆನಪಿರಲಿಲ್ಲ. ಆ ದಿನ ಹಿಂದಿರುಗುವಾಗ ಅವರು ದೂರಲಿಲ್ಲ. "ಇದೂ ಒಳ್ಳೇ ಗಿಡಾನೇ" ಎಂದಷ್ಟೇ ಅಂದರು.

ಕಣ್ಣಿನ ಶಸ್ತ್ರಚಿಕಿತ್ಸೆ ಮುಗಿದ ಮೇಲೆ, ಯುಗಾದಿಗೆ ಮೊದಲು, ಅವರಿಗೆ ಊರಿನ ಟಿಕೆಟ್ ಕಾದಿರಿಸಿದ್ದೇವೆ. ಇನ್ನು ಇಲ್ಲಿಗೆ ಬರುವುದೂ ಬಿಡುವುದೂ ಅವರ ಇಚ್ಛೆ. ನಾವಾಗಿ ಯಾವ ವಾದವನ್ನೂ ಹೂಡಲಾರೆವು. ಅವರೊಡನೆ ನಾವೂ ಹೋಗಿ, ಕೆರೆಯಂಚಿನಲ್ಲಿ ನಿಂತು, ಎರಡನ್ನೂ ಬೇರೆಬೇರೆಯಾಗಿ ಮುಟ್ಟಿ ನೋಡಿ ಬರಬೇಕೆಂದಿದ್ದೇವೆ.