ಅಜ್ಜನ ಲಾರಿಗೆ ಮೊಮ್ಮಗನ ತೇಪೆ

ಕಾಲೇಜಿನ ಕಿರುಪರೀಕ್ಷೆಯಲ್ಲಿ ವೆಲ್ಡಿಂಗ್ ಬಗ್ಗೆ ಹತ್ತು ಅಂಕದ ಪ್ರಶ್ನೆಯೊಂದು ಬಂದಿತ್ತು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದ ಹುಡುಗ ಚಿತ್ರ ಸಹಿತ ವಿವರಿಸಿ ಒಂಬತ್ತು ಅಂಕ ಗಿಟ್ಟಿಸಿದ್ದ. ಅದೇ ಹುಡುಗ ಮೂರು ತಿಂಗಳ ನಂತರ ಸಾಗರದ ಗ್ಯಾರೇಜೊಂದರಲ್ಲಿ ಕುಕ್ಕುರುಗಾಲಿನಲ್ಲಿ ಕೂತು ಎರಡು ತುಂಡು ತಗಡು ಬೆಸೆಯಲು ಹೋಗಿ, ಇದ್ದ ಒಂದು ತೂತನ್ನು ಮೂರು ಮಾಡಿಟ್ಟ.

'ಇಂಜಿನಿಯರ್ ಸಾಹೇಬರೇ, ನಿಮ್ಮನ್ನ ಕೂರಿಸಿದ್ದು ತೂತು ಮುಚ್ಚೋಕೆ, ತೆಗೆಯೋಕಲ್ಲ' ಎಂದರು ಗ್ಯಾರೇಜಿನ ಉಸ್ತಾದ್. ಅಲ್ಲಿದ್ದ ಹುಡುಗರೆಲ್ಲ ನಕ್ಕರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು ಉಸ್ತಾದ್. ನಲವತ್ತು ವರ್ಷದಿಂದ ತಗಡಿನ ಜೊತೆಗೇ ಬದುಕಿದವರು. ಕಾರ್ಬೈಡ್ ಕಲ್ಲಿಗೆ ನೀರು ಹಾಕಿ ಗ್ಯಾಸ್ ಎಬ್ಬಿಸುತ್ತಿದ್ದ ಕಾಲದಿಂದ ಈಗಿನ ಸಿಓಟು ಮೆಷಿನ್‌ವರೆಗೆ ಎಲ್ಲವೂ ಅವರ ಕೈಯಲ್ಲಿ ಪಳಗಿವೆ.

ಮುಂದೆ ನಿಂತಿದ್ದದ್ದು ಹುಡುಗನ ಅಜ್ಜನ ಲಾರಿ. 1967ರ ಟಾಟಾ ಮರ್ಸಿಡಿಸ್ ಬೆಂಜ್. ಮೂಗು ಮುಂದಕ್ಕೆ ಚಾಚಿದ, ದುಂಡು ಮಡ್‌ಗಾರ್ಡಿನ, ಜಾಲರಿಯ ಮೇಲೆ ಮೂರು ಮೂಲೆಯ ನಕ್ಷತ್ರ ಹೊತ್ತ ಲಾರಿ. ಜರ್ಮನಿಯ ಡೈಮ್ಲರ್ ಬೆಂಜ್ ಕಂಪನಿಯ ಜೊತೆ ಕೈಜೋಡಿಸಿ ಟಾಟಾದವರು 1954ರಿಂದ ಜಮ್‌ಶೆಡ್‌ಪುರದಲ್ಲಿ ಇಂಥ ಲಾರಿಗಳನ್ನು ತಯಾರಿಸುತ್ತಿದ್ದರು. 1969ರಲ್ಲಿ ಆ ಒಪ್ಪಂದ ಮುಗಿಯಿತು. ಆಮೇಲೆ ನಕ್ಷತ್ರ ಹೋಗಿ ಟಾಟಾದ ಗುರುತು ಬಂತು. ಆದರೂ ಹಳ್ಳಿಯವರ ಬಾಯಲ್ಲಿ ಬಹುಕಾಲ ಅದು 'ಬೆಂಜ್ ಲಾರಿ'ಯಾಗಿಯೇ ಉಳಿಯಿತು.

ಈ ಬೆಂಜ್ ಲಾರಿಯಲ್ಲಿ ಅಜ್ಜ ಅಡಿಕೆ ಮೂಟೆಗಳನ್ನು ಶಿವಮೊಗ್ಗದ ಮಂಡಿಗೆ ಹೊತ್ತರು. ಕುಂದಾಪುರದ ಕಡೆಯಿಂದ ಹುಲಿಕಲ್ ಘಾಟಿ ಹತ್ತಿಸಿ ಹೆಂಚು ತಂದರು. ಮಗನನ್ನು ಓದಿಸಿದರು, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದರು. ಮಂಡಿನೋವು ಬಂದು ಕ್ಲಚ್ ಒತ್ತಲಾಗದೆ ಹೋದಾಗ ಲಾರಿಯನ್ನು ಹುಲ್ಲಿನ ಗೊಣಬೆಯ ಪಕ್ಕದ ಮಾಡಿನಡಿ ನಿಲ್ಲಿಸಿದರು. ಇಪ್ಪತ್ತು ಮಳೆಗಾಲ ಅದು ಅಲ್ಲೇ ನಿಂತಿತು. ಮಲೆನಾಡಿನ ಮಳೆ ಯಾರನ್ನು ಬಿಟ್ಟೀತು?

2019ರ ಬೇಸಿಗೆಯಲ್ಲಿ ಗುಜರಿಯವನು ಬಂದು ಕಿಲೋ ಲೆಕ್ಕದಲ್ಲಿ ಬೆಲೆ ಹೇಳಿದ. ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ ಅಪ್ಪ ಕೂಡಲೇ ಒಪ್ಪಿದರು. ಅಜ್ಜ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಎದ್ದು ಹೋಗಿ ಹೆಗಲ ಮೇಲಿನ ಟವೆಲಿನಿಂದ ಆ ನಕ್ಷತ್ರವನ್ನು ಒರೆಸಿ ಬಂದು ಕೂತರು. ಅದನ್ನು ಕಂಡ ಹುಡುಗ, 'ಈ ರಜೆ ಮುಗಿಯೋವರೆಗೆ ಬಿಡಿ ಅಪ್ಪ, ನಾನು ರಿಪೇರಿ ಮಾಡಿಸ್ತೀನಿ' ಎಂದ.

'ಮಾಡಿಸ್ತೀಯೋ, ಮಾಡ್ತೀಯೋ?' ಅಪ್ಪ ಸಿಡುಕಿದರು. 'ನಿನ್ನನ್ನ ಕೈಗೆ ಗ್ರೀಸ್ ಮೆತ್ತದ ಹಾಗೆ ಬೆಳೆಸಿದ್ದು ಇದಕ್ಕೇನಾ?'

ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಲಾರಿ ಸಾಗರಕ್ಕೆ ಬಂತು. ಉಸ್ತಾದ್ ಮೊದಲು ಡೀಸೆಲ್ ಟ್ಯಾಂಕನ್ನು ಕಳಚಿ ದೂರ ಇಡಿಸಿದರು. ಕಿಡಿ ಹಾರುವ ಕಡೆ ಟ್ಯಾಂಕ್ ಇರಬಾರದು, ಖಾಲಿಯಾಗಿದ್ದರೂ ಇರಬಾರದು. ಆಮೇಲೆ ಹುಡುಗನ ಕೈಗೆ ಸಣ್ಣ ಸುತ್ತಿಗೆ ಕೊಟ್ಟು, 'ಸುತ್ತ ತಟ್ಟುತ್ತಾ ಹೋಗು. ಟಣ್ ಅಂದ ಕಡೆ ಬಿಡು, ಬೊದ್ದು ಸದ್ದು ಬಂದ ಕಡೆ ಸೀಮೆಸುಣ್ಣದ ಗುರುತು ಹಾಕು' ಎಂದರು. ಸಂಜೆಯ ಹೊತ್ತಿಗೆ ಲಾರಿಯ ತುಂಬ ಬಿಳಿ ಗುರುತು. ಬಾಗಿಲುಗಳ ಕೆಳಗಂಚು, ಎರಡೂ ಮಡ್‌ಗಾರ್ಡಿನ ಮೂಲೆ, ಡ್ರೈವರ್ ಕಾಲಿಡುವ ನೆಲ.

ಬಾಗಿಲು ಯಾಕೆ ಕೆಳಗೇ ಕೊಳೆಯುತ್ತದೆ ಎಂಬುದು ಆ ದಿನ ಹುಡುಗನಿಗೆ ತಿಳಿಯಿತು. ಗಾಜಿನ ಸಂದಿಯಿಂದ ಇಳಿದ ಮಳೆನೀರು ಹೊರಹೋಗಲಿ ಎಂದು ಬಾಗಿಲಿನ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಧೂಳು, ಕೆಸರು ತುಂಬಿ ಅವು ಮುಚ್ಚಿಕೊಂಡರೆ ನೀರು ಒಳಗೇ ನಿಲ್ಲುತ್ತದೆ. ತುಕ್ಕು ಒಳಗಿನಿಂದ ತಿನ್ನುತ್ತಾ ಬರುತ್ತದೆ. ಹೊರಗೆ ಬಣ್ಣದ ಮೇಲೆ ಒಂದು ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಅಂಗೈಯಗಲ ತಗಡು ಹುಡಿಯಾಗಿರುತ್ತದೆ.

ಹುಡುಗ ತೂತಿನ ಮೇಲೇ ಒಂದು ತುಂಡು ಹಚ್ಚಿ ಬೆಸೆದರಾಯಿತು ಎಂದುಕೊಂಡಿದ್ದ. ಉಸ್ತಾದ್ ತಲೆಯಾಡಿಸಿದರು. ತಗಡಿನ ಮೇಲೆ ತಗಡು ಕೂತರೆ ನಡುವಿನ ಸಂದಿಯಲ್ಲಿ ನೀರು ಕೂರುತ್ತದೆ, ನಾಲ್ಕು ಮಳೆಗೆ ಮತ್ತೆ ಅದೇ ಕಥೆ. ಹಲ್ಲಿನ ಡಾಕ್ಟರು ಹುಳುಕನ್ನು ಪೂರ್ತಿ ಕೆರೆದು ತೆಗೆಯುವ ಹಾಗೆ, ಹೊಳೆಯುವ ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಬೇಕು. ಆಮೇಲೆ ಬೂಟಿನ ಡಬ್ಬದ ರಟ್ಟನ್ನು ಅಲ್ಲಿಟ್ಟು ಅಳತೆ ತೆಗೆಯಬೇಕು, ದರ್ಜಿ ರವಿಕೆಗೆ ತೆಗೆದ ಹಾಗೆ. ಅದೇ ಅಳತೆಗೆ ಹದಿನೆಂಟು ಗೇಜಿನ ತಗಡು ಕತ್ತರಿಸಿ, ಬಾಗಿಸಿ, ಅಂಚಿಗೆ ಅಂಚು ಕೂರಿಸಬೇಕು. ಹದಿನೆಂಟು ಗೇಜ್ ಎಂದರೆ ದಪ್ಪ ಸುಮಾರು 1.2 ಮಿಲಿಮೀಟರ್. ಉಕ್ಕು ಕರಗಲು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಬೇಕು. ಅಷ್ಟು ಬಿಸಿಯನ್ನು ಅಷ್ಟು ತೆಳುವಿನ ಮೇಲೆ ಕ್ಷಣ ಹೆಚ್ಚು ಹಿಡಿದರೆ ತೂತು, ಕ್ಷಣ ಕಡಿಮೆಯಾದರೆ ಅಂಟು ಹತ್ತದು.

ಮೊದಲ ವಾರ ಲಾರಿಯನ್ನು ಮುಟ್ಟಲು ಬಿಡಲಿಲ್ಲ. ಚೂರುಪಾರು ತಗಡಿನ ಮೇಲೇ ಅಭ್ಯಾಸ. ಸದ್ದು ಕೇಳಿ ಕಲಿ ಎಂದರು ಉಸ್ತಾದ್. ಕಾದ ಎಣ್ಣೆಗೆ ಸಂಡಿಗೆ ಬಿಟ್ಟಂತೆ ಒಂದೇ ಸಮನೆ ಚರ್ ಎನ್ನುತ್ತಿದ್ದರೆ ತಂತಿಯ ವೇಗ, ಕರೆಂಟು ಎರಡೂ ಸರಿ. ಟಪ್ ಟಪ್ ಎಂದು ಸಿಡಿದರೆ ಎಲ್ಲೋ ತಪ್ಪಿದೆ. ಒಂದು ದಿನ ಸೆಖೆ ತಡೆಯಲಾರದೆ ಹುಡುಗ ಟೇಬಲ್ ಫ್ಯಾನ್ ಹಾಕಿಕೊಂಡ. ಬೆಸುಗೆಯ ತುಂಬ ರವೆ ಇಡ್ಲಿಯಂತೆ ಕಣ್ಣು ಕಣ್ಣು. ಮೆಷಿನನ್ನು ಬೈದುಕೊಂಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಉಸ್ತಾದ್ ಬಂದು ಮಾತಿಲ್ಲದೆ ಫ್ಯಾನ್ ಆರಿಸಿದರು. ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಕಾಯುವುದೇ ಆ ಕಾರ್ಬನ್ ಡೈಆಕ್ಸೈಡ್ ಅನಿಲ. ಫ್ಯಾನ್ ಅದನ್ನೇ ಊದಿ ಓಡಿಸಿತ್ತು. ಪುಸ್ತಕದಲ್ಲಿ ಈ ಮಾತು ಇತ್ತು, ಹುಡುಗ ಉತ್ತರಪತ್ರಿಕೆಯಲ್ಲಿ ಬರೆದೂ ಇದ್ದ.

ಇನ್ನೊಮ್ಮೆ ತುಕ್ಕು ಹಿಡಿಯುವುದೇ ಬೇಡವೆಂದು ಜಾಣತನದಿಂದ ಜಿಐ ಶೀಟ್ ಕೊಂಡು ತಂದ. ಉಸ್ತಾದ್ ವಾಪಸ್ ಕಳಿಸಿದರು. ಅದರ ಮೇಲಿನ ಸತುವಿನ ಲೇಪ ಸುಟ್ಟಾಗ ಏಳುವ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ. ಮತ್ತೊಂದು ದಿನ 'ಒಂದು ಚುಕ್ಕೆ ತಾನೇ' ಎಂದು ಕಪ್ಪು ಗಾಜಿನ ಮುಖವಾಡ ಇಲ್ಲದೆ ನಾಲ್ಕಾರು ಸಲ ಕಿಡಿ ಹೊಡೆದ. ಆಗ ಏನೂ ಆಗಲಿಲ್ಲ. ನಡುರಾತ್ರಿ ಕಣ್ಣಿಗೆ ಮರಳು ಎರಚಿದಂತೆ ಉರಿ, ನೀರು. ಅಮ್ಮ ಗಾಬರಿಯಾಗಿ ಬೆಳಗಾಗುವುದನ್ನೇ ಕಾದು ಡಾಕ್ಟರ ಬಳಿ ಕರೆದೊಯ್ದರು. ವೆಲ್ಡಿಂಗ್ ಬೆಳಕಿನ ನೇರಳಾತೀತ ಕಿರಣ ಕಣ್ಣಿನ ಮೇಲ್ಪದರವನ್ನು ಸುಡುತ್ತದೆ, ಉರಿ ಕಾಣಿಸುವುದು ಕೆಲವು ಗಂಟೆಗಳ ನಂತರ. ಎರಡು ದಿನ ಕೆಲಸ ಬಂದ್. ಆಮೇಲೆ ಅವನು ಒಂದು ಚುಕ್ಕೆಗೂ ಮುಖವಾಡ ಮರೆಯಲಿಲ್ಲ.

ಎಡಬಾಗಿಲಿನ ತೇಪೆಯೇ ಲಾರಿಯ ಮೇಲಿನ ಮೊದಲ ಕೆಲಸ. ಉತ್ಸಾಹದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಉಸಿರಿಗೆ ಬೆಸೆದ. ತಣಿದಾಗ ನೋಡಿದರೆ ತಗಡು ಬಿಸಿಲಿಗಿಟ್ಟ ಹಪ್ಪಳ! ಕಾದ ಲೋಹ ಹಿಗ್ಗುತ್ತದೆ, ತಣಿಯುವಾಗ ಸುತ್ತಲಿನದನ್ನೂ ಎಳೆದುಕೊಂಡು ಕುಗ್ಗುತ್ತದೆ. ಉಸ್ತಾದ್ ಅದನ್ನು ಬಿಚ್ಚಿಸಿ ಮತ್ತೆ ಮಾಡಿಸಿದರು. ಇಲ್ಲೊಂದು ಚುಕ್ಕೆ, ಅಷ್ಟು ದೂರ ಅಲ್ಲೊಂದು ಚುಕ್ಕೆ. ಕೈಯಿಟ್ಟರೆ ಸುಡದಷ್ಟು ಆರಿದ ಮೇಲೆ ನಡುವೆ ಮತ್ತೊಂದು. ಹಿಂದೆ ಡಾಲಿ ಹಿಡಿದು ಮುಂದಿನಿಂದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಸಮ ಮಾಡು. 'ಅವಸರ ಇರೋನಿಗೆ ತಗಡು ಒಲಿಯಲ್ಲ ಮರಿ' ಎಂದರು. ಸಾಹೇಬರು ಹೋಗಿ ಮರಿಯಾಗಿದ್ದನ್ನು ಹುಡುಗ ಗಮನಿಸಿದ. ಅವನಿಗೆ ಖುಷಿಯಾಯಿತು.

ರಜೆ ಮುಗಿಯಲು ನಾಲ್ಕೇ ದಿನ ಉಳಿದಿತ್ತು. ಡ್ರೈವರ್ ಸೀಟಿನ ಮುಂದಿನ ನೆಲ ಬಾಕಿ. ಅಜ್ಜ ಭಾನುವಾರ ಬಂದು ಲಾರಿ ಹತ್ತಿ ಕೂರುವುದೆಂದು ಮನೆಯಲ್ಲಿ ಮಾತಾಗಿತ್ತು. ಉಸ್ತಾದ್ ನೆಂಟರ ಮದುವೆಗೆ ಹೋಗಿದ್ದರು. ಹುಡುಗ ಅವಸರದಲ್ಲಿ ತುಕ್ಕು ಪೂರ್ತಿ ಕತ್ತರಿಸದೆ ತೇಪೆ ಕೂರಿಸಿದ. ಕೊಳೆತ ಅಂಚು ಬೆಸುಗೆಯನ್ನು ಹಿಡಿಯಲಿಲ್ಲ. ಅಲ್ಲಲ್ಲಿ ಸಿಡಿದು ತೂತಾಯಿತು. ಹೊತ್ತು ಮುಳುಗಿತ್ತು. ಮೇಲೆ ದಪ್ಪಗೆ ಪುಟ್ಟಿ ಬಳಿದು, ಉಜ್ಜಿ, ಕಪ್ಪು ಬಣ್ಣ ಹೊಡೆದ. ನೋಡಿದರೆ ಕಂಪನಿಯಿಂದ ಈಗಷ್ಟೇ ಬಂದ ನೆಲ. ಗ್ಯಾರೇಜಿನ ಹುಡುಗರೂ ಭೇಷ್ ಎಂದರು.

ರಾತ್ರಿ ಊಟಕ್ಕೆ ಕೂತಾಗ ಅಜ್ಜ ಕೇಳಿದರು: 'ಕಾಲು ಊರಿ ಕ್ಲಚ್ ಒತ್ತಬಹುದೇನೋ, ಪುಟ್ಟಾ?'

'ಒತ್ತಬಹುದು ಅಜ್ಜ' ಎಂದವನಿಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಎಂಬತ್ತು ದಾಟಿದ, ಮಂಡಿನೋವಿನ ಮುದುಕ. ಮೈಭಾರವನ್ನೆಲ್ಲ ಆ ನೆಲದ ಮೇಲೇ ಬಿಡುತ್ತಾರೆ. ಹರಿದ ತಗಡಿನ ಅಂಚು ಎಂದರೆ ಕತ್ತಿ. ಹುಡುಗ ರಾತ್ರಿಯಿಡೀ ಮಗ್ಗುಲು ಬದಲಿಸಿದ.

ಬೆಳಿಗ್ಗೆ ಎದ್ದವನೇ ಗ್ಯಾರೇಜಿಗೆ ಹೋಗಿ ಉಳಿ ಸುತ್ತಿಗೆ ಹಿಡಿದ. ಅಂದು ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಮಗ ತಿಂಡಿಯನ್ನೂ ತಿನ್ನದೆ ಹೋದನೆಂದು ಅಮ್ಮ ಕಟ್ಟಿಕೊಟ್ಟ ಡಬ್ಬಿ ಹಿಡಿದು ಅಪ್ಪ ಬಂದರು. ಅಲ್ಲಿಯವರೆಗೆ ಅವರು ಗ್ಯಾರೇಜಿನ ಒಳಗೆ ಕಾಲಿಟ್ಟಿರಲಿಲ್ಲ.

'ಚೆನ್ನಾಗೇ ಇತ್ತಲ್ಲೋ, ಯಾಕೆ ಒಡೀತಿದ್ದೀಯ?'

'ಚೆನ್ನಾಗಿ ಕಾಣ್ತಿತ್ತು ಅಪ್ಪ. ಚೆನ್ನಾಗಿರಲಿಲ್ಲ.'

ಅಪ್ಪ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಈ ಬಾರಿ ಹುಡುಗ ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿದ. ತೂತು ದೊಡ್ಡದಾಯಿತು, ಹೊಸ ತಗಡಿಗೂ ಹಳೆಯದಕ್ಕೂ ನಡುವೆ ಒಂದು ಕಡೆ ಸಂದಿ ಉಳಿಯಿತು. ಇಂಥ ಕಡೆ ಹಿಂದಿನಿಂದ ತಾಮ್ರದ ಪಟ್ಟಿ ಒತ್ತಿ ಹಿಡಿಯಬೇಕು. ತಾಮ್ರ ಬಿಸಿಯನ್ನು ಬೇಗ ಹೀರಿಕೊಳ್ಳುತ್ತದೆ, ಉಕ್ಕಿನ ಬೆಸುಗೆ ಅದಕ್ಕೆ ಅಂಟುವುದೂ ಇಲ್ಲ. ಕರಗಿದ ಲೋಹ ಕೆಳಗೆ ಸೋರದೆ ಅಲ್ಲೇ ನಿಂತು ಸಂದಿ ತುಂಬುತ್ತದೆ. ಆದರೆ ಹಿಡಿಯುವವರು ಲಾರಿಯ ಅಡಿ ಮಲಗಬೇಕು. ಗ್ಯಾರೇಜಿನ ಹುಡುಗರು ಇನ್ನೂ ಬಂದಿರಲಿಲ್ಲ.

ಅಪ್ಪ ವಾಚು ಬಿಚ್ಚಿ ಜೇಬಿಗೆ ಹಾಕಿದರು. ಉಸ್ತಾದರ ಚರ್ಮದ ಕೈಗವಸು, ಇನ್ನೊಂದು ಮುಖವಾಡ ಹಾಕಿಕೊಂಡು ಇಕ್ಕಳದಲ್ಲಿ ತಾಮ್ರದ ಪಟ್ಟಿ ಹಿಡಿದು ಗೋಣಿಚೀಲದ ಮೇಲೆ ಬೆನ್ನುಕೊಟ್ಟು ಒಳಗೆ ಸರಿದರು.

'ಹಿಡ್ಕೊಂಡ್ರಾ ಅಪ್ಪ?'

'ಹಿಡಿದಿದ್ದೀನಿ, ಹೊಡಿ.'

ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಚರ್ ಎಂಬ ಸದ್ದು, ನಿಲುಗಡೆ, ಮತ್ತೆ ಚರ್. ಎರಡು ಗಂಟೆ ಹೀಗೇ ನಡೆಯಿತು. ಹೊರಗೆ ಬಂದಾಗ ಅಪ್ಪನ ಅಂಗಿಯ ತೋಳಿನಲ್ಲಿ ಕಿಡಿ ಬಿದ್ದ ಎರಡು ತೂತಿದ್ದವು, ಅಂಗೈ ತುಂಬ ಗ್ರೀಸು. ಚಹಾ ಕುಡಿಯುತ್ತಾ ಅವರು ನಿಧಾನವಾಗಿ ಹೇಳಿದರು: 'ಕಾಲೇಜಿಗೆ ಸೇರುವಾಗ ಅರ್ಜಿಯಲ್ಲಿ ತಂದೆಯ ಉದ್ಯೋಗ ಅಂತ ಇತ್ತು. ನಾನು ವ್ಯವಸಾಯ ಅಂತ ಬರೆದಿದ್ದೆ. ಲಾರಿ ಡ್ರೈವರ್ ಅಂತ ಬರೆಯೋಕೆ ನಾಚಿಕೆಯಾಗಿತ್ತು. ಅದಕ್ಕೆ ಸಹಿ ಹಾಕಿದ್ದು ನಿಮ್ಮಜ್ಜನೇ. ಓದಿ ನೋಡಿದ್ರು. ಏನೂ ಅನ್ನಲಿಲ್ಲ.'

ಹುಡುಗನೂ ಏನೂ ಅನ್ನಲಿಲ್ಲ. ಡಬ್ಬಿಯಲ್ಲಿದ್ದ ಅವಲಕ್ಕಿಯನ್ನು ಇಬ್ಬರೂ ಹಂಚಿಕೊಂಡು ತಿಂದರು.

ಭಾನುವಾರ ಅಜ್ಜ ಬಂದರು. ಆ ಹೊತ್ತಿಗೆ ಉಸ್ತಾದರೂ ಮದುವೆ ಮುಗಿಸಿ ಬಂದಿದ್ದರು. ನೆಲವನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಕೆಳಗೆ ಬಗ್ಗಿ ನೋಡಿ, 'ಹತ್ತಲಿ' ಎಂದರು. ಮಗ ಒಂದು ಕಡೆ, ಮೊಮ್ಮಗ ಒಂದು ಕಡೆ ಹಿಡಿದು ಅಜ್ಜನನ್ನು ಹತ್ತಿಸಿದರು. ಅಜ್ಜ ಸ್ಟೇರಿಂಗ್ ಹಿಡಿದರು. ಎಡಗಾಲನ್ನು ನೆಲಕ್ಕೆ ಎರಡು ಸಲ ಕುಟ್ಟಿದರು. 'ಗಟ್ಟಿ ಇದೆ' ಎಂದರು, ಅಷ್ಟೇ. ಇಂಜಿನ್ ಇನ್ನೂ ಬಿಚ್ಚಿದ ಸ್ಥಿತಿಯಲ್ಲಿ ಮೂಲೆಯಲ್ಲಿತ್ತು. ಆದರೂ ಅಜ್ಜ ಅರ್ಧ ಗಂಟೆ ಇಳಿಯಲಿಲ್ಲ.

ವೆಲ್ಡರ್ ಕೆಲಸ ಕಲಿಯಲು ಐಟಿಐಗಳಲ್ಲಿ ಒಂದು ವರ್ಷದ ತರಬೇತಿ ಇದೆ. ಹಡಗು, ಸೇತುವೆ, ಬಾಯ್ಲರ್, ಪೈಪ್‌ಲೈನ್ ಎಲ್ಲಕ್ಕೂ ಒಳ್ಳೆಯ ಬೆಸುಗೆಗಾರರು ಬೇಕು. ಎಲ್ಲ ಮಕ್ಕಳೂ ಅದನ್ನೇ ಕಲಿಯಬೇಕೆಂದಿಲ್ಲ. ಆದರೆ ಓದಿನ ನಡುವೆ ಒಂದು ರಜೆ ಇಂಥದ್ದೊಂದು ಕೆಲಸಕ್ಕೆ ಕೈ ಒಡ್ಡಿದರೆ ನಷ್ಟವೇನೂ ಇಲ್ಲ. ಉತ್ತರ ಸರಿಯೋ ತಪ್ಪೋ ಎಂದು ತಗಡು ಅಲ್ಲೇ ಹೇಳಿಬಿಡುತ್ತದೆ, ಫಲಿತಾಂಶಕ್ಕೆ ಕಾಯಬೇಕಿಲ್ಲ. ಪುಟ್ಟಿ ಬಳಿದು ಮುಚ್ಚಿದ್ದನ್ನು ಮಾತ್ರ ಅದು ತಡವಾಗಿ ಹೇಳುತ್ತದೆ, ಅದೂ ಯಾರದೋ ಕಾಲಿನಡಿ.

ಹುಡುಗ ಸೋಮವಾರ ಬಸ್ಸು ಹತ್ತಿ ಕಾಲೇಜಿಗೆ ಹೋದ. ಎರಡು ತಿಂಗಳ ನಂತರ ಒಂದು ರಾತ್ರಿ ಹಾಸ್ಟೆಲಿಗೆ ಅಪ್ಪನ ಫೋನು ಬಂತು. ಓದು, ಊಟ, ಹಾಜರಾತಿ ಎಲ್ಲ ವಿಚಾರಿಸಿ ಇನ್ನೇನು ಇಡಬೇಕು ಎನ್ನುವಾಗ ಅವರು ಹೇಳಿದರು: 'ಬಲಗಡೆ ಮಡ್‌ಗಾರ್ಡಿಗೆ ರಟ್ಟಿನ ಅಳತೆ ತೆಗೆದಿಟ್ಟಿದ್ದೀನಿ. ಸಾಬ್ರು ನೋಡಿ ಸರಿಯಿದೆ ಅಂದ್ರು. ದಸರಾ ರಜೆಗೆ ಬೇಗ ಬಾ.'