ಬಾದಾಮಿಯ ಬಂಡೆ, ನಮ್ಮ ಮನೆಯ ಗೋಡೆ

ಬಾದಾಮಿಗೆ ಹೋದರೆ 578ರ ಶಾಸನವಿರುವ ಮೂರನೇ ಗುಹೆ ನೋಡಿ ತಕ್ಷಣ ಬಸ್ಸು ಹಿಡಿಯಬೇಡಿ. ಅಗಸ್ತ್ಯ ತೀರ್ಥದ ದಂಡೆಯಲ್ಲಿ ಸಂಜೆವರೆಗೂ ಕೂತು ಬಂಡೆ ನೋಡಿ. ಅದೇ ಮರಳುಗಲ್ಲು, ನೆರಳಲ್ಲಿ ಮಂಕು ಕಂದು, ಇಳಿಬಿಸಿಲಿಗೆ ಕೆಂಡದ ಕೆಂಪು!

ಗೋಡೆಯ ಬಣ್ಣದ ಗುಟ್ಟೂ ಇದೇ. ಕೆನೆ ಬಣ್ಣವೋ, ತುಸು ಕಂದಿನ ಬಾದಾಮಿ ಬಣ್ಣವೋ ಎಂದು ಅಂಗಡಿಯಲ್ಲೇ ತೀರ್ಮಾನಿಸಬೇಡಿ. ಬೆಳಕು ಕಡಿಮೆಯಿರುವ ನಡುಮನೆಗೆ ಕೆನೆ ಬಣ್ಣ ವಾಸಿ. ಇದ್ದ ಬೆಳಕನ್ನೇ ಹರಡುತ್ತದೆ. ಬಾದಾಮಿ ಬಣ್ಣ ಅಲ್ಲಿ ಮಂಕಾಗುತ್ತದೆ. ಬಿಸಿಲು ಧಾರಾಳವಾಗಿ ಬೀಳುವ ಕೋಣೆಗೆ ಅದೇ ಸೊಗಸು, ಕಣ್ಣು ಕುಕ್ಕುವುದಿಲ್ಲ. ರೆಡ್ ಆಕ್ಸೈಡ್ ನೆಲವಿದ್ದರೆ ಎರಡಕ್ಕೂ ಕೆಂಪು ಛಾಯೆ ಬರುತ್ತದೆ.

ಎರಡನ್ನೂ ಗೋಡೆಗೆ ಮೊಳದಷ್ಟು ಬಳಿದು ಬೆಳಿಗ್ಗೆ, ಸಂಜೆ, ದೀಪ ಹಚ್ಚಿದ ಮೇಲೆ ನೋಡಿ. ದುಡ್ಡು ಸುರಿದು ಬಳಿಸಿದ ಮೇಲೆ ವರ್ಷಗಟ್ಟಲೆ ಆ ಗೋಡೆ ನೋಡುವವರು ನಾವೇ ತಾನೆ?