ಮೂರು ಊರು, ಒಂದು ವೈರು

ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಸಹ್ಯಾದ್ರಿಯ ಹಸಿರು ಗೋಡೆ. ಇವೆರಡರ ನಡುವಿನ ಕಿರಿದಾದ ನೆಲಪಟ್ಟಿಯಲ್ಲಿ ಭಟ್ಕಳ, ಹೊನ್ನಾವರ, ಕುಮಟಾ ಒಂದರ ಹಿಂದೆ ಒಂದು ಕುಳಿತಿವೆ. ಭಟ್ಕಳದಿಂದ ಹೊನ್ನಾವರಕ್ಕೆ ಸುಮಾರು 40 ಕಿ.ಮೀ., ಅಲ್ಲಿಂದ ಕುಮಟಾಕ್ಕೆ ಇನ್ನೊಂದು 20 ಕಿ.ಮೀ. ಬೆಳಿಗ್ಗೆ ಹೆದ್ದಾರಿಯಲ್ಲಿ ಓಡುವ ವಾಯವ್ಯ ಸಾರಿಗೆಯ ಬಸ್ಸುಗಳಲ್ಲಿ ಕಾಲೇಜು ಮಕ್ಕಳದೇ ಕಾರುಬಾರು. ಹೆಗಲಲ್ಲಿ ಚೀಲ, ಕೈಯಲ್ಲಿ ಪಾಸು, ಕಿವಿಯಲ್ಲಿ ಇಯರ್‌ಫೋನು! ಒಬ್ಬರಿಗೆ ಸಿನಿಮಾ ಹಾಡು, ಇನ್ನೊಬ್ಬರಿಗೆ ಯಕ್ಷಗಾನದ ಪದ, ಮತ್ತೊಬ್ಬರಿಗೆ ಭೌತಶಾಸ್ತ್ರದ ಪಾಠ.

ವೈರಿಲ್ಲದ ಇಯರ್‌ಫೋನುಗಳ ಕಾಲ ಇದು, ನಿಜ. ಆದರೂ ವೈರಿನದನ್ನು ಬಿಡದವರು ಇದ್ದಾರೆ. ಅದಕ್ಕೆ ಚಾರ್ಜು ಬೇಡ, ಕಳೆದುಹೋಗುವ ಭಯ ಕಡಿಮೆ, ಅದೇ ಬೆಲೆಗೆ ಧ್ವನಿಯೂ ಹೆಚ್ಚಾಗಿ ಚೆನ್ನ. ಅದರ ದೊಡ್ಡ ಶತ್ರು ಒಂದೇ: ಅದರದೇ ವೈರು. ಕಿವಿಯೊಳಗೆ ಕೂರುವ ಪುಟ್ಟ ಚಿಪ್ಪು ವರ್ಷಗಟ್ಟಲೆ ಬಾಳುತ್ತದೆ. ಅದನ್ನು ಫೋನಿಗೆ ಜೋಡಿಸುವ ವೈರು ಮಾತ್ರ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕೈಕೊಡುವುದುಂಟು.

ಒಂದು ಕಿವಿ ಮೌನವಾದಾಗ

ಮೊದಲು ಒಂದು ಕಿವಿಯಲ್ಲಿ ಕರಕರ ಸದ್ದು. ಆಮೇಲೆ ವೈರನ್ನು ಒಂದು ಕೋನಕ್ಕೆ ಬಗ್ಗಿಸಿ ಹಿಡಿದರಷ್ಟೇ ಹಾಡು. ಕೊನೆಗೆ ಆ ಕಡೆ ಪೂರ್ತಿ ಮೌನ. ಆಗ ಹುಡುಗರು ಮಾಡುವುದೇನು? ಉಳಿದ ಒಂದು ಕಿವಿಯಲ್ಲೇ ಕೇಳುತ್ತಾರೆ. ಬಸ್ಸಿನ ಗದ್ದಲ ತೆರೆದ ಕಿವಿಯಿಂದ ನುಗ್ಗುತ್ತದೆ. ಅದನ್ನು ಮೀರಿಸಲು ಧ್ವನಿ ಏರಿಸುತ್ತಾರೆ. ಕೆಲವು ರೂಪಾಯಿಯ ವೈರಿನ ತೊಂದರೆ ಕಿವಿಯ ತೊಂದರೆಯಾಗುವುದು ಇಲ್ಲಿಯೇ. ತಂದೆತಾಯಿ ಗಮನಿಸಬೇಕಾದದ್ದೂ ಇದನ್ನೇ.

ಇದಕ್ಕೆ ಒಂದು ದಾರಿ ಇದೆ: ವೈರನ್ನು ಬಿಚ್ಚಿ ಬೇರೆಯದನ್ನು ಹಾಕಬಹುದಾದ ಇಯರ್‌ಫೋನು. ಒಂದು ಕಾಲದಲ್ಲಿ ಇದು ವೇದಿಕೆಯ ಗಾಯಕರ, ಸ್ಟುಡಿಯೋದವರ ಸೊತ್ತಾಗಿತ್ತು. ಈಗ ವಿದ್ಯಾರ್ಥಿಯ ಜೇಬಿಗೆ ಎಟುಕುವ ಬೆಲೆಯಲ್ಲೂ ಸಿಗುತ್ತದೆ. ಆದರೆ ಬದಲಿ ಕೇಬಲ್ ಕೊಳ್ಳಲು ಹೊರಟರೆ ತಲೆ ತಿರುಗುವಷ್ಟು ಬಗೆ. ಈ ಮೂರು ಊರುಗಳ ದಾರಿಯಲ್ಲೇ ಒಂದೊಂದಾಗಿ ನೋಡೋಣ.

ಭಟ್ಕಳ: ಕೊಳ್ಳುವ ಮುನ್ನ

ಭಟ್ಕಳಕ್ಕೆ ಪರದೇಶದ ಸರಕು ಹೊಸದಲ್ಲ. ವಿಜಯನಗರದ ಕಾಲದಲ್ಲಿ ಇಲ್ಲಿಯ ಬಂದರಿಗೆ ಕಡಲಾಚೆಯಿಂದ ಕುದುರೆಗಳು ಬಂದಿಳಿಯುತ್ತಿದ್ದವು. ಮೆಣಸು, ಅಕ್ಕಿ, ಸಕ್ಕರೆ ಇಲ್ಲಿಂದ ಹೊರಡುತ್ತಿದ್ದವು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ಟೇಪ್ ರೆಕಾರ್ಡರ್, ವಾಕ್‌ಮನ್, ಸೆಂಟು ತಂದರು. 'ಫಾರಿನ್ ಸಾಮಾನು' ಬೇಕೆಂದರೆ ಸುತ್ತಲಿನ ತಾಲ್ಲೂಕುಗಳ ಜನ ಭಟ್ಕಳದ ಪೇಟೆಗೆ ಬರುತ್ತಿದ್ದರು. ಇಂದು ಮೊಬೈಲ್ ಬಿಡಿಭಾಗಗಳ ಅಂಗಡಿ ಇಲ್ಲದ ಊರಿಲ್ಲ; ಮನೆಬಾಗಿಲಿಗೇ ಪಾರ್ಸೆಲ್ ಬರುತ್ತದೆ. ಆದರೂ ಕೈಯಲ್ಲಿ ಹಿಡಿದು ನೋಡಿ ಕೊಳ್ಳುವ ಹಳೆಯ ಪದ್ಧತಿಗೆ ಬೆಲೆ ಇದೆ, ವಿಶೇಷವಾಗಿ ಕೇಬಲ್ ವಿಷಯದಲ್ಲಿ.

ಕೊಳ್ಳುವ ಮೊದಲು ಕೆಟ್ಟಿರುವುದು ವೈರೇ ಹೌದೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಮೊದಲು ಬೇರೊಂದು ಫೋನಿಗೆ ಹಾಕಿ ನೋಡಿ. ಫೋನಿನ ತೂತಿನಲ್ಲಿ ಜೇಬಿನ ಹಿಂಜು ತುಂಬಿದ್ದರೂ, ಚಿಪ್ಪಿನ ಬಾಯಿಯ ಜಾಲರಿಗೆ ಕಿವಿಯ ಗುಗ್ಗೆ ಕಟ್ಟಿದ್ದರೂ ಸದ್ದು ನಿಲ್ಲುತ್ತದೆ. ಆಮೇಲೆ ಕೇಬಲ್‌ನ ಎಡ ತುದಿಯನ್ನು ಬಲ ಚಿಪ್ಪಿಗೂ, ಬಲ ತುದಿಯನ್ನು ಎಡ ಚಿಪ್ಪಿಗೂ ಹಾಕಿ. ಮೌನ ಆ ಚಿಪ್ಪನ್ನು ಬಿಟ್ಟು ಇನ್ನೊಂದು ಚಿಪ್ಪಿಗೆ ಹೋಯಿತೇ? ದೋಷ ವೈರಿನದು. ಅದೇ ಚಿಪ್ಪಿನಲ್ಲಿ ಉಳಿಯಿತೇ? ಹೊಸ ಕೇಬಲ್ ಕೊಂಡರೂ ಹಣ ದಂಡ.

ಇನ್ನು ಜೋಡಣೆ. ಕೇಬಲ್‌ನ ಲೋಹ ಯಾವುದೆಂದು ಕೇಳುವ ಮೊದಲು ಅದರ ತುದಿ ಯಾವುದೆಂದು ಕೇಳಬೇಕು. ಮುಖ್ಯವಾಗಿ ಎರಡು ಬಗೆ. ಒಂದು, ಎರಡು ಸಣ್ಣ ಸೂಜಿಗಳಿರುವ 'ಟೂ ಪಿನ್'. ಇನ್ನೊಂದು, ಗುಂಡಗಿನ ಗುಂಡಿಯಂತೆ ಟಕ್ಕೆಂದು ಕೂರುವ 'ಎಂಎಂಸಿಎಕ್ಸ್'. ಎರಡನೆಯದು ಮೂಲತಃ ರೇಡಿಯೋ ಉಪಕರಣಗಳ ಒಳಗಿನ ಜೋಡಣೆಗಾಗಿ ಬಂದದ್ದು. ಅದು ಸುತ್ತಲೂ ತಿರುಗುತ್ತದೆ, ಆದ್ದರಿಂದ ವೈರಿಗೆ ತಿರುಚು ಬೀಳದು. ಆದರೆ ದಿನಾ ಬಿಚ್ಚಿ ಹಾಕಿದರೆ ಹಿಡಿತ ಸಡಿಲವಾಗುತ್ತದೆ.

ಟೂ ಪಿನ್‌ನಲ್ಲೂ ಒಳಭೇದ ಇದೆ. ಸೂಜಿಯ ದಪ್ಪ ಸಾಮಾನ್ಯವಾಗಿ 0.78 ಮಿ.ಮೀ.; ಕೆಲವು ತಯಾರಕರದು 0.75. 'ನೂಲಿನೆಳೆಯಷ್ಟು ವ್ಯತ್ಯಾಸ, ನಡೆಯುತ್ತದೆ ಬಿಡಿ' ಎಂದು ದಪ್ಪ ಸೂಜಿಯನ್ನು ಸಣ್ಣ ತೂತಿಗೆ ತುರುಕಿದರೆ ತೂತು ಅಗಲವಾಗುತ್ತದೆ; ಮುಂದೆ ಸರಿಯಾದ ಕೇಬಲ್ ಹಾಕಿದರೂ ಅಲುಗಾಡುತ್ತದೆ. ಕೆಲವು ಚಿಪ್ಪುಗಳಲ್ಲಿ ತೂತಿನ ಸುತ್ತ ಗೂಡು ಹೊರಚಾಚಿರುತ್ತದೆ, ಅದಕ್ಕೆ ಟೋಪಿಯಂತೆ ಕೂರುವ ತುದಿಯೇ ಬೇಕು. ಅದಕ್ಕಾಗಿ ಹಳೆಯ ಕೇಬಲನ್ನು ಅಂಗಡಿಗೆ ಕೊಂಡೊಯ್ಯುವುದೇ ಜಾಣತನ.

ಮತ್ತೊಂದು ತುದಿ ಫೋನಿನ ಕಡೆಯದು. 3.5 ಮಿ.ಮೀ. ಪಿನ್ನಿನ ಮೇಲೆ ಎರಡು ಕಪ್ಪು ಪಟ್ಟಿ ಇದ್ದರೆ ಬರೇ ಕೇಳಲು. ಮೂರು ಇದ್ದರೆ ಮೈಕ್ ಕೂಡ ಉಂಟು. ಆನ್‌ಲೈನ್ ಪಾಠದಲ್ಲಿ ಪ್ರಶ್ನೆ ಕೇಳಬೇಕಾದವರಿಗೆ ಮೂರು ಪಟ್ಟಿಯದೇ ಬೇಕು. 2.5 ಅಥವಾ 4.4 ಮಿ.ಮೀ. ಪಿನ್ನಿನ ಕೇಬಲ್‌ಗಳು ಬೇರೆ ಉಪಕರಣಗಳಿಗೆ ಮೀಸಲು. ಸಾಮಾನ್ಯ ಫೋನಿಗೆ ಸೇರವು. ಫೋನಿನಲ್ಲಿ ಇಯರ್‌ಫೋನಿನ ತೂತೇ ಇಲ್ಲವೆಂದಾದರೆ ಟೈಪ್-ಸಿ ತುದಿಯ ಕೇಬಲ್ ಸಿಗುತ್ತದೆ. ಅಂಕಿಗಳನ್ನು ಧ್ವನಿಯಾಗಿ ಮಾರ್ಪಡಿಸುವ ಪುಟ್ಟ ಚಿಪ್ ಅದರ ತುದಿಯಲ್ಲೇ ಅಡಗಿರುತ್ತದೆ.

ಹೊನ್ನಾವರ: ಹಗ್ಗ ಸುತ್ತುವ ವಿದ್ಯೆ

ಭಟ್ಕಳದಿಂದ ಉತ್ತರಕ್ಕೆ ಹೊರಟರೆ ಮುರ್ಡೇಶ್ವರ, ಮಂಕಿ ದಾಟಿ ಶರಾವತಿ ಎದುರಾಗುತ್ತದೆ. ರೈಲಿನಲ್ಲಿ ಹೋಗುವವರಿಗೆ ಇಲ್ಲೊಂದು ಹಬ್ಬ. ಎರಡು ಕಿಲೋಮೀಟರಿಗೂ ಉದ್ದದ ಇಲ್ಲಿಯ ಸೇತುವೆ ಕೊಂಕಣ ರೈಲುಮಾರ್ಗದಲ್ಲೇ ಅತಿ ಉದ್ದದ್ದು. 1998ರಲ್ಲಿ ಈ ಮಾರ್ಗ ಪೂರ್ಣವಾಗಿ ತೆರೆದ ಮೇಲೆ ಕರಾವಳಿಯ ಮಕ್ಕಳ ಓದಿನ ದಾರಿಯೂ ಹಿಗ್ಗಿತು. ಕಿಟಕಿಯಾಚೆ ಹಿನ್ನೀರು, ತೆಂಗಿನ ದ್ವೀಪಗಳು. ಆಗಲಾದರೂ ಇಯರ್‌ಫೋನು ತೆಗೆದು ಹೊರಗೆ ನೋಡಬೇಕು!

ನದಿ ಕಡಲು ಸೇರುವಲ್ಲಿ ಮೀನುಗಾರರ ದೋಣಿಗಳು. ದೋಣಿಯಲ್ಲಿ ಹಗ್ಗ ಇಡುವ ಬಗೆಯನ್ನು ಗಮನಿಸಿ. ಯಾರೂ ಅದನ್ನು ಮುದ್ದೆ ಮಾಡಿ ಬಿಸಾಡುವುದಿಲ್ಲ. ಅದರ ಹುರಿಗೆ ಅನುಗುಣವಾಗಿ ಅಗಲವಾದ ಸುರುಳಿ ಸುತ್ತಿ ಇಡುತ್ತಾರೆ. ತುರ್ತಿನಲ್ಲಿ ಹಗ್ಗ ಸಿಕ್ಕು ಬಿದ್ದರೆ ಬಲೆಯೂ ಹೋದೀತು, ಬೆರಳೂ ಹೋದೀತು.

ಇಯರ್‌ಫೋನಿನ ವೈರಿಗೂ ಇದೇ ಪಾಠ. ಫೋನಿಗೇ ಬಿಗಿಯಾಗಿ ಸುತ್ತಿ ಜೇಬಿಗೆ ತುರುಕುವುದು ಅದರ ಆಯುಸ್ಸನ್ನು ಕಡಿದಂತೆ. ಒಳಗಿನ ತಂತಿಗಳು ಕೂದಲಿಗಿಂತ ತೆಳು. ಅವು ಮುರಿಯುವುದು ಬಹುಪಾಲು ಮೂರು ಕಡೆ: ಪಿನ್ನಿನ ಕುತ್ತಿಗೆಯಲ್ಲಿ, ಎಡಬಲಕ್ಕೆ ಕವಲೊಡೆಯುವಲ್ಲಿ, ಚಿಪ್ಪಿಗೆ ಸೇರುವಲ್ಲಿ. ನಾಲ್ಕು ಬೆರಳಗಲದ ಸಡಿಲ ಸುರುಳಿ ಮಾಡಿ ಸಣ್ಣ ಡಬ್ಬಿಯಲ್ಲಿಟ್ಟರೆ ಸಾಕು. ಬಿಚ್ಚುವಾಗ ವೈರು ಹಿಡಿದು ಎಳೆಯದೆ ಪಿನ್ನಿನ ಬುಡ ಹಿಡಿಯಬೇಕು. ಚಿಪ್ಪಿನಿಂದ ಕಳಚುವಾಗ ಟೂ ಪಿನ್ ಆದರೆ ತಿರುಚದೆ ನೇರ ಎಳೆಯಬೇಕು. ಎಂಎಂಸಿಎಕ್ಸ್ ಆದರೆ ಕೂಡಿದ ಸಂದಿಗೆ ಉಗುರು ಕೊಟ್ಟು ಮೆಲ್ಲಗೆ ಎಬ್ಬಿಸಬೇಕು. ಎರಡನ್ನೂ ಅಗತ್ಯ ಬಿದ್ದಾಗ ಮಾತ್ರ ಬಿಚ್ಚಬೇಕು.

ಬದಲಿ ಕೇಬಲ್‌ಗಳಲ್ಲಿ ಹೆಚ್ಚಿನವು ಕಿವಿಯ ಮೇಲಿನಿಂದ ಬಳಸಿ ಬರುವಂಥವು. ಮೊದಲ ವಾರ ಕನ್ನಡಕದ ಕಾಲಿನೊಡನೆ ಜಗಳ, ಆಮೇಲೆ ಅಭ್ಯಾಸ. ಲಾಭವೂ ಇದೆ: ವೈರು ಅಂಗಿಗೆ ತಾಗಿದಾಗ ಕಿವಿಯಲ್ಲಿ ಏಳುವ ಸರಸರ ಸದ್ದು ಇದರಿಂದ ಬಹಳ ತಗ್ಗುತ್ತದೆ. ದಪ್ಪ ಜಡೆಯ ಕೇಬಲ್ ನೋಡಲು ಚೆಂದ; ಆದರೆ ಭಾರದಿಂದ ಕಿವಿ ಜಗ್ಗುತ್ತದೆ. ಬಸ್ಸಿನಲ್ಲಿ ನಿಂತು ಹೋಗುವವರಿಗೆ ತೆಳ್ಳಗಿನ, ಮೆತ್ತಗಿನ ಕೇಬಲ್ಲೇ ಹಿತ.

ಹೊಸ ಕೇಬಲ್ ಸರಿ ಕೂತಿದೆಯೇ ಎಂದು ಪರೀಕ್ಷಿಸಲು ಹೊನ್ನಾವರದವರಿಗೆ ಸುಲಭ ಸಾಧನವೊಂದು ಕೈಯಲ್ಲೇ ಇದೆ: ಯಕ್ಷಗಾನ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆ ಇಡಗುಂಜಿ ಮೇಳ ಕಟ್ಟಿದ ನೆಲ ಇದು. ಒಂದು ಭಾಗವತಿಕೆಯ ಧ್ವನಿಮುದ್ರಣ ಹಾಕಿ ಕೇಳಿ. ಸಾಮಾನ್ಯವಾಗಿ ಭಾಗವತರ ದನಿ ತಲೆಯ ನಟ್ಟನಡುವೆ ನಿಂತಂತೆ ಕೇಳಬೇಕು, ಮದ್ದಳೆಗೆ ತೂಕ ಇರಬೇಕು. ದನಿ ನಡುವಿನಲ್ಲಿ ನಿಲ್ಲದೆ ಚೆದುರಿ, ಮದ್ದಳೆ ಟೊಳ್ಳೆನಿಸಿದರೆ ಒಂದು ಕಡೆಯ ಟೂ ಪಿನ್ ತಿರುಗುಮುರುಗಾಗಿದೆ ಎಂದು ಶಂಕಿಸಬಹುದು. ಆಗ ಎರಡು ಚಿಪ್ಪುಗಳಲ್ಲಿ ಒಂದು ಮುಂದಕ್ಕೆ ನೂಕುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ಒಂದನ್ನು ಬಿಚ್ಚಿ ತಿರುಗಿಸಿ ಹಾಕಿದರೆ ಭಾಗವತರು ತಮ್ಮ ಜಾಗಕ್ಕೆ ಮರಳುತ್ತಾರೆ.

ಕುಮಟಾ: ಉಪ್ಪು ಮತ್ತು ತಾಮ್ರ

ಕುಮಟಾ ಒಂದು ಕಾಲದ ದೊಡ್ಡ ಹತ್ತಿ ಬಂದರು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಇಲ್ಲಿಂದ ಮುಂಬಯಿಗೆ ಹಡಗೇರುತ್ತಿತ್ತು. ಮಾರುಕಟ್ಟೆಯಲ್ಲಿ ಆ ಹತ್ತಿಗೆ ಕುಮಟಾ ಎಂಬ ಹೆಸರೇ ನಿಂತಿತು. ಇದೇ ತಾಲ್ಲೂಕಿನಲ್ಲಿ, ಗೋಕರ್ಣದ ಸಮೀಪ, ಸಾಣಿಕಟ್ಟಾ ಇದೆ. ಅಘನಾಶಿನಿಯ ಅಳಿವೆಯ ಉಪ್ಪುನೀರನ್ನು ಗದ್ದೆಗಳಿಗೆ ಹಾಯಿಸಿ, ಬಿಸಿಲಿಗೆ ಆರಿಸಿ ಇಲ್ಲಿ ಉಪ್ಪು ತೆಗೆಯುತ್ತಾರೆ. ಬೇಸಿಗೆಯಲ್ಲಿ ಹೋದರೆ ಉಪ್ಪಿನ ಬಿಳಿ ರಾಶಿಗಳು ಕಣ್ಣು ಕೋರೈಸುತ್ತವೆ.

ಗದ್ದೆಯಲ್ಲಿ ರಾಶಿ ಬೀಳುವ ಉಪ್ಪು ಕರಾವಳಿಯ ಗಾಳಿಯಲ್ಲೂ ಕಣ್ಣಿಗೆ ಕಾಣದಂತೆ ತೇಲುತ್ತದೆ. ಬೆವರಿನಲ್ಲಂತೂ ಇದ್ದೇ ಇದೆ. ತಾಮ್ರ, ತೇವ, ಉಪ್ಪು ಮೂರೂ ಸೇರಿದರೆ ಏನಾಗುತ್ತದೆ? ಹುಳಿ ತಗಲಿದ ತಾಮ್ರದ ಚೊಂಬನ್ನು ತೊಳೆಯದೆ ಬಿಟ್ಟರೆ ಏಳುವ ಹಸಿರು ಕಿಲುಬು ಅಡಿಗೆಮನೆಯವರಿಗೆ ಗೊತ್ತು. ಪಾರದರ್ಶಕ ಹೊದಿಕೆಯ ಕೇಬಲ್‌ಗಳು ಕೆಲವು ತಿಂಗಳಲ್ಲಿ ಹಸಿರಾಗುವುದೂ ಇಂಥದೇ ಕತೆ. ಬಣ್ಣ ಬದಲಾದ ಮಾತ್ರಕ್ಕೆ ಕೇಬಲ್ ಸತ್ತಿತೆಂದಲ್ಲ. ಧ್ವನಿ ಸರಿ ಇದ್ದರೆ ಬಳಸಬಹುದು. ಪ್ರತಿ ಎಳೆಗೂ ತೆಳು ಅರಗಿನಂಥ ಲೇಪ ಇರುವ ಕೇಬಲ್ ಇದಕ್ಕೆ ಹೆಚ್ಚು ತಡೆ ಕೊಡುತ್ತದೆ. ಬಳಸಿದ ಮೇಲೆ ಒಣಬಟ್ಟೆಯಿಂದ ಒರೆಸುವುದು, ಮಳೆಗಾಲದಲ್ಲಿ ಡಬ್ಬಿಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡುವುದು, ಈ ಎರಡು ರೂಢಿ ಕರಾವಳಿಯವರಿಗೆ ಅಗತ್ಯ. ಪೊಟ್ಟಣ ಮಾತ್ರ ಚಿಕ್ಕ ಮಕ್ಕಳ ಕೈಗೆ ಸಿಗಬಾರದು.

'ಬೆಳ್ಳಿ ಕೇಬಲ್ ಹಾಕಿದರೆ ಧ್ವನಿ ಬೆಳ್ಳಿಯಂತೆ' ಎಂಬ ಜಾಹೀರಾತಿಗೆ ಮಕ್ಕಳು ಮರುಳಾಗುವುದು ಸಹಜ. 'ಅಲ್ಲಾ ಮಾರಾಯ್ತಿ, ಒಂದು ವೈರಿಗೆ ಇಷ್ಟು ದುಡ್ಡೇ?' ಎಂದು ಅಪ್ಪ ಕೇಳುವುದೂ ಸಹಜ. ಲೆಕ್ಕ ಅಪ್ಪನ ಪರವಾಗಿದೆ. ಬೆಳ್ಳಿ ತಾಮ್ರಕ್ಕಿಂತ ಒಳ್ಳೆಯ ವಾಹಕ ಹೌದು. ಆದರೆ ಹೆಚ್ಚಳ ನೂರಕ್ಕೆ ಆರರಷ್ಟು ಮಾತ್ರ. ಕೇಬಲ್‌ನ ರೋಧ ಅರ್ಧ ಓಮ್, ಚಿಪ್ಪಿನದು 16 ಓಮ್ ಎಂದಿಟ್ಟುಕೊಳ್ಳಿ. ಆಗ ಇಡೀ ಕೇಬಲ್‌ನಿಂದ ಕುಂದುವ ಧ್ವನಿ ಹೆಚ್ಚುಕಡಿಮೆ ಕಾಲು ಡೆಸಿಬೆಲ್. ಹಾಡು ಕೇಳುತ್ತಿರುವ ಕಿವಿಗೆ ಅದು ತಿಳಿಯುವುದೇ ಕಷ್ಟ. ಗಟ್ಟಿ ಬೆಸುಗೆ, ಸರಿಯಾದ ತುದಿ, ಕುತ್ತಿಗೆಗೆ ರಬ್ಬರಿನ ಆಸರೆ, ಸುಮಾರು 1.2 ಮೀಟರ್ ಉದ್ದ, ಇವಿಷ್ಟು ಇದ್ದರೆ ಸಾದಾ ತಾಮ್ರವೇ ಸಾಕು. ಇಯರ್‌ಫೋನಿನ ಬೆಲೆಯ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ಕೇಬಲ್‌ಗೆ ಸುರಿಯದಿರುವುದು ಒಳ್ಳೆಯ ಕಟ್ಟುಪಾಡು. ಬಿಲ್ಲು ಇಟ್ಟುಕೊಳ್ಳುವುದನ್ನು ಮರೆಯಬಾರದು.

ಹಳೆಯ ಕೇಬಲ್? ವಿಜ್ಞಾನ ಓದುವ ಮಕ್ಕಳಿಗೆ ಅದೇ ಪ್ರಯೋಗಶಾಲೆ. ಮಲ್ಟಿಮೀಟರ್ ಹಿಡಿದು ಯಾವ ಎಳೆ ತುಂಡಾಗಿದೆ ಎಂದು ಹುಡುಕಬಹುದು. ಹಿರಿಯರು ಪಕ್ಕದಲ್ಲಿದ್ದರೆ ಹೊಸ ಪಿನ್ನಿಗೆ ಬೆಸುಗೆ ಹಾಕಿಯೂ ನೋಡಬಹುದು. ಲೇಪವಿರುವ ಎಳೆಯಾದರೆ ತುದಿಯ ಲೇಪ ತೆಗೆದ ಮೇಲೆಯೇ ಬೆಸುಗೆ ಹಿಡಿಯುವುದು. ದುರಸ್ತಿ ಆಗದ್ದನ್ನು ಒಲೆಗೆ ಮಾತ್ರ ಹಾಕಬಾರದು. ಹೊದಿಕೆಯ ಪ್ಲಾಸ್ಟಿಕ್ ಉರಿದರೆ ಬರುವುದು ವಿಷದ ಹೊಗೆ. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಟ್ಟರೆ ತಾಮ್ರ ಮತ್ತೆ ಬಳಕೆಗೆ ಬರುತ್ತದೆ.

ಬದಲಿ ಇಲ್ಲದ್ದು

ಹೊಸ ಕೇಬಲ್ ಬಂದು ಎರಡೂ ಕಿವಿಗೆ ಧ್ವನಿ ಮರಳಿದ ದಿನವೇ ಫೋನಿನ ಧ್ವನಿಯನ್ನು ಹಿಂದಿನ ಮಟ್ಟಕ್ಕೆ ಇಳಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬೆಲ್ ಧ್ವನಿಯಾದರೆ ವಾರಕ್ಕೆ 40 ಗಂಟೆ ಮಿತಿ. 90 ಡೆಸಿಬೆಲ್‌ಗೆ ಏರಿಸಿದರೆ ಆ ಮಿತಿ ವಾರಕ್ಕೆ ನಾಲ್ಕೇ ಗಂಟೆ! ಮಕ್ಕಳಿಗೆ 75 ಡೆಸಿಬೆಲ್ ದಾಟದಿರುವುದು ಒಳಿತು. ಬಸ್ಸಿಳಿದು ಹೆದ್ದಾರಿ ದಾಟುವಾಗ, ರೈಲು ಹಳಿಯ ಬಳಿ ನಡೆಯುವಾಗ ಎರಡೂ ಕಿವಿ ಖಾಲಿ ಇರಬೇಕು. ಇದು ಪ್ರತಿ ಮನೆಯ ಕಾನೂನಾಗಲಿ.

ಮುರಿದ ತಂತಿಗೆ ಬದಲಿ ಪೇಟೆಯಲ್ಲಿ ಸಿಗುತ್ತದೆ. ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳು ಮಾತ್ರ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಒಂದು ಕಿವಿ ಮೌನವಾದ ಇಯರ್‌ಫೋನನ್ನು 'ಇನ್ನೊಂದಿದೆಯಲ್ಲ' ಎಂದು ಮುಂದೂಡದೆ ಆ ವಾರವೇ ವೈರು ಬದಲಿಸುವುದು ಲೇಸು. ಅಪ್ಪನಿಗೆ ಆ ಖರ್ಚು ದುಂದು ಅನ್ನಿಸಲಾರದು.